ಮನೆಯ ಸಿಸಿ ಕ್ಯಾಮೆರಾದ ಮೆಮೊರಿ ಕಾರ್ಡ್ ಕೈಕೊಟ್ಟಾಗ: ಫಾರ್ಮ್ಯಾಟ್ ಒತ್ತುವ ಮೊದಲು ಮಾಡಬೇಕಾದ ಕೆಲಸಗಳು

ಆ್ಯಪ್‌ನಲ್ಲಿ ‘ಎಸ್‌ಡಿ ಕಾರ್ಡ್ ಎರರ್’ ಎಂದು ಕಂಡ ತಕ್ಷಣ ಬೆರಳು ಹೋಗುವುದು ಫಾರ್ಮ್ಯಾಟ್ ಬಟನ್‌ಗೆ. ಎರಡು ದಿನ ಎಲ್ಲ ಸರಿ. ಮೂರನೆಯ ದಿನ ಮತ್ತೆ ಅದೇ ಎರರ್, ಮತ್ತೆ ಫಾರ್ಮ್ಯಾಟ್. ಬೇಸತ್ತು ಹೊಸ ಕಾರ್ಡ್ ಹಾಕಿದರೆ ಕೆಲವೇ ತಿಂಗಳಲ್ಲಿ ಅದೂ ಹಳೆಯದರ ದಾರಿ ಹಿಡಿಯುತ್ತದೆ. ಅಷ್ಟರಲ್ಲಿ ನಿಜಕ್ಕೂ ಬೇಕಾಗಿದ್ದ ರೆಕಾರ್ಡಿಂಗ್ ಅಳಿಸಿಹೋಗಿರುತ್ತದೆ.

ಎಡವುತ್ತಿರುವುದು ಹಂತಗಳ ಕ್ರಮದಲ್ಲಿ. ಮೊದಲು ವಿಡಿಯೊ ಉಳಿಸಿಕೊಳ್ಳಬೇಕು. ಆಮೇಲೆ ತಪ್ಪು ಕಾರ್ಡಿನದೋ, ಕ್ಯಾಮೆರಾದ್ದೋ, ಕರೆಂಟಿನದೋ ಎಂದು ಗೊತ್ತು ಮಾಡಿಕೊಳ್ಳಬೇಕು. ಫಾರ್ಮ್ಯಾಟ್ ಬರುವುದು ಅದಾದ ಮೇಲೆ. ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಮಾಡಿ. ಬೇಸರವೆಂದು ಒಂದನ್ನು ಹಾರಿಸಿದರೆ ಎರಡು ವಾರದ ನಂತರ ಮತ್ತೆ ಏಣಿ ಹತ್ತಬೇಕಾಗುತ್ತದೆ.

## ಕೈಯಲ್ಲಿ ಇರಬೇಕಾದ ಸಾಮಾನು

ಕಂಪ್ಯೂಟರ್, ಒಳ್ಳೆಯ ಯುಎಸ್‌ಬಿ 3.0 ಕಾರ್ಡ್ ರೀಡರ್, ಸರಿಯಾಗಿದೆ ಎಂದು ಖಚಿತವಿರುವ ಇನ್ನೊಂದು ಮೈಕ್ರೊ ಎಸ್‌ಡಿ ಕಾರ್ಡ್, ಕ್ಯಾಮೆರಾದ ಜೊತೆ ಬಂದ ಮೂಲ ಅಡಾಪ್ಟರ್ ಮತ್ತು ಕೇಬಲ್. ಇವಿಷ್ಟು ಇದ್ದೇ ತೀರಬೇಕು. ಐಸೊಪ್ರೊಪೈಲ್ ಆಲ್ಕೋಹಾಲ್, ನೂಲು ಬಿಡದ ಬಟ್ಟೆ, ಸಣ್ಣ ಪ್ಲಸ್ ಸ್ಕ್ರೂಡ್ರೈವರ್ ಇದ್ದರೆ ಒಳ್ಳೆಯದು. ಯುಎಸ್‌ಬಿ ವೋಲ್ಟೇಜ್ ಟೆಸ್ಟರ್ ಎಂಬ ಪುಟ್ಟ ಸಾಧನ ಸಿಕ್ಕರೆ ಐದನೆಯ ಹಂತದ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಕಾರ್ಡ್ ರೀಡರ್ ವಿಷಯದಲ್ಲಿ ಉಳಿತಾಯ ಬೇಡ. ಪಿನ್ ಸಡಿಲಾದ ಹಳೆಯ ರೀಡರ್ ನೆಟ್ಟಗಿರುವ ಕಾರ್ಡನ್ನೂ ಹಾಳಾಗಿದೆ ಎಂದು ತೋರಿಸುತ್ತದೆ. ಆ ಸುಳ್ಳು ಸಾಕ್ಷಿ ನಂಬಿ ಒಳ್ಳೆಯ ಕಾರ್ಡ್ ಬಿಸಾಡಿದವರು ಬಹಳ.

## ಹಂತ 1: ಲಕ್ಷಣವನ್ನು ಸರಿಯಾಗಿ ಓದಿ

‘ಕಾರ್ಡ್ ಕೆಲಸ ಮಾಡ್ತಿಲ್ಲ’ ಎನ್ನುವ ಒಂದೇ ಮಾತಿನ ಹಿಂದೆ ಕನಿಷ್ಠ ಆರು ಬೇರೆ ಬೇರೆ ತೊಂದರೆಗಳಿರುತ್ತವೆ.

ಕಾರ್ಡ್ ಇಲ್ಲವೇ ಇಲ್ಲ ಎನ್ನುವುದು. ಸ್ಲಾಟ್‌ನಲ್ಲಿ ಕಾರ್ಡ್ ಪೂರ್ತಿ ಕೂತಿಲ್ಲ, ಚಿನ್ನದ ಬಣ್ಣದ ಪಟ್ಟಿಗಳ ಮೇಲೆ ಕೊಳೆ ಇದೆ, ಇಲ್ಲವೇ ಕಾರ್ಡಿನ ಒಳಗೆ ಓದು ಬರಹ ನಡೆಸುವ ಚಿಪ್, ಅಂದರೆ ಕಂಟ್ರೋಲರ್, ಸತ್ತಿದೆ.

ಫಾರ್ಮ್ಯಾಟ್ ಮಾಡಿ ಎನ್ನುವುದು. ಕಾರ್ಡ್ ಕಂಡಿದೆ, ಫೈಲ್‌ಗಳನ್ನು ಜೋಡಿಸಿಡುವ ಅದರ ಮೇಲಿನ ಫೈಲ್ ವ್ಯವಸ್ಥೆ ಓದಲಾಗುತ್ತಿಲ್ಲ. ಬೇರೆ ಉಪಕರಣದಲ್ಲಿ ಬಳಸಿದ ಕಾರ್ಡ್ ಆಗಿದ್ದರೆ ಇದು ಸಹಜ. ನಿನ್ನೆಯವರೆಗೆ ಇದೇ ಕ್ಯಾಮೆರಾದಲ್ಲಿ ಓಡುತ್ತಿದ್ದ ಕಾರ್ಡ್ ಹೀಗಂದರೆ ಅದು ಎಚ್ಚರಿಕೆ.

ರೆಕಾರ್ಡಿಂಗ್ ಇದೆ, ನಡುನಡುವೆ ತೂತು. ಟೈಮ್‌ಲೈನ್‌ನಲ್ಲಿ ಐದು ನಿಮಿಷ ಇದೆ, ಎರಡು ನಿಮಿಷ ಇಲ್ಲ, ಮತ್ತೆ ಹತ್ತು ನಿಮಿಷ ಇದೆ. ಚಲನೆ ಕಂಡಾಗ ಮಾತ್ರ ರೆಕಾರ್ಡ್ ಎಂದು ಇಟ್ಟಿದ್ದರೆ ಇದು ದೋಷವೇ ಅಲ್ಲ. ಸತತ ರೆಕಾರ್ಡಿಂಗ್ ಇಟ್ಟೂ ಹೀಗಾದರೆ ಕಾರ್ಡ್ ಬರೆಯುವಾಗ ತಡವರಿಸುತ್ತಿದೆ, ಇಲ್ಲವೇ ಕ್ಯಾಮೆರಾ ಪದೇ ಪದೇ ರೀಸ್ಟಾರ್ಟ್ ಆಗುತ್ತಿದೆ.

ಒಂದು ದಿನಾಂಕಕ್ಕೆ ಎಲ್ಲ ನಿಂತುಹೋಗಿದೆ. ಕಾರ್ಡ್ ತುಂಬಿದ ದಿನವೇ ನಿಂತಿದ್ದರೆ ಓವರ್‌ರೈಟ್ ಅಥವಾ ಲೂಪ್ ರೆಕಾರ್ಡಿಂಗ್ (ಜಾಗ ಮುಗಿದಾಗ ಹಳೆಯ ವಿಡಿಯೊದ ಮೇಲೆ ಹೊಸದನ್ನು ಬರೆಯುವ ಆಯ್ಕೆ) ಆಫ್ ಆಗಿದೆ. ಕಾರ್ಡ್ ಬದಲಿಸುವ ಅಗತ್ಯವೇ ಇಲ್ಲ.

ತಾರೀಖು ತಪ್ಪು. ಕ್ಯಾಮೆರಾಕ್ಕೆ ಇಂಟರ್‌ನೆಟ್‌ನಿಂದ ಸಮಯ ಸಿಗದಿದ್ದರೆ ಕೆಲವು ಮಾದರಿಗಳ ಗಡಿಯಾರ 1970ಕ್ಕೆ ಹೋಗಿ ಕೂರುತ್ತದೆ. ವಿಡಿಯೊ ಕಾರ್ಡಿನಲ್ಲೇ ಇರುತ್ತದೆ, ಇವತ್ತಿನ ದಿನಾಂಕದಡಿ ಹುಡುಕಿದರೆ ಕಾಣುವುದಿಲ್ಲ. ಸಮಯ ವಲಯ ಮತ್ತು ಸಮಯ ಸಿಂಕ್ ಆಯ್ಕೆ ಸರಿಪಡಿಸಿದರೆ ಮುಂದಿನದು ಸರಿಹೋಗುತ್ತದೆ.

ಫಾರ್ಮ್ಯಾಟ್ ಆಯ್ತು ಎನ್ನುತ್ತದೆ, ಹಳೆಯ ಫೈಲ್‌ಗಳು ಹಾಗೇ ಇವೆ. ಕಾರ್ಡಿನ ಆಯುಷ್ಯ ಮುಗಿದಿದೆ. ಬರೆಯಲು ಭದ್ರವಾದ ಜಾಗ ಉಳಿಯದಾಗ ಕೆಲವು ಕಾರ್ಡ್‌ಗಳ ಕಂಟ್ರೋಲರ್ ಇನ್ನು ಓದುವುದಷ್ಟೇ ಎಂದು ಬಾಗಿಲು ಹಾಕಿಕೊಳ್ಳುತ್ತದೆ. ಅಳಿಸಿದಂತೆ, ಬರೆದಂತೆ ತೋರಿಸುತ್ತದೆ. ತೆಗೆದು ಮತ್ತೆ ಹಾಕಿದರೆ ಹಳೆಯದೇ ಪ್ರತ್ಯಕ್ಷ. ಈ ಕಾರ್ಡಿಗೆ ಯಾವ ಸಾಫ್ಟ್‌ವೇರ್‌ನಲ್ಲೂ ಮದ್ದಿಲ್ಲ. ಒಂದು ಲಾಭ ಉಂಟು: ಒಳಗಿರುವ ವಿಡಿಯೊಗಳನ್ನು ಕಾಪಿ ಮಾಡಿಕೊಳ್ಳಬಹುದು.

ಇವೆಲ್ಲದರ ಜೊತೆ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ತೊಂದರೆ ಯಾವ ಹೊತ್ತಿನಲ್ಲಿ ಶುರುವಾಗುತ್ತದೆ? ಹಗಲೆಲ್ಲ ಸರಿ, ಕತ್ತಲಾದ ಮೇಲೆ ಎರರ್ ಅಂದರೆ ಮೊದಲು ಸಂಶಯ ಪಡಬೇಕಾದ್ದು ಅಡಾಪ್ಟರನ್ನು. ಮಧ್ಯಾಹ್ನದ ಬಿಸಿಲಲ್ಲಿ ಮಾತ್ರ ಆದರೆ ಕಾವು ಕಾರಣ. ಕರೆಂಟ್ ಹೋಗಿ ಬಂದ ಮೇಲೆಲ್ಲ ಆದರೆ ಕಾರಣ ಆ ಏಟೇ.

## ಹಂತ 2: ಕಾರ್ಡ್ ಮುಟ್ಟುವ ಮೊದಲು ಆ್ಯಪ್‌ನಲ್ಲಿ

ಕ್ಯಾಮೆರಾ ಇನ್ನೂ ಓಡುತ್ತಿದ್ದು ಹಳೆಯ ವಿಡಿಯೊ ತೆರೆದುಕೊಳ್ಳುತ್ತಿದ್ದರೆ, ಬೇಕಾದ ತುಣುಕುಗಳನ್ನು ಈಗಲೇ ಫೋನಿಗೆ ಇಳಿಸಿಕೊಳ್ಳಿ. ಕೆಲವು ಕ್ಯಾಮೆರಾಗಳು ವಿಡಿಯೊವನ್ನು ತಮ್ಮದೇ ಗೂಢಲಿಪಿಯಲ್ಲಿ ಬರೆಯುತ್ತವೆ. ಅಂಥ ಕಾರ್ಡನ್ನು ಕಂಪ್ಯೂಟರ್‌ಗೆ ಹಾಕಿದರೆ ಏನೂ ಓಡುವುದಿಲ್ಲ. ಆ್ಯಪ್ ಒಂದೇ ದಾರಿ.

ಆಮೇಲೆ ಸೆಟ್ಟಿಂಗ್‌ನಲ್ಲಿ ನಾಲ್ಕು ಸಾಲು ನೋಡಿ: ಓವರ್‌ರೈಟ್ ಆನ್ ಇದೆಯೇ, ರೆಕಾರ್ಡಿಂಗ್ ಸತತವೋ ಚಲನೆಗೋ, ದಿನಾಂಕ ಸರಿಯೇ, ಕಾರ್ಡಿನ ಗಾತ್ರ ಎಷ್ಟು ತೋರಿಸುತ್ತಿದೆ. 128 ಜಿಬಿ ಕಾರ್ಡ್ 119 ಎಂದು, 64ರದ್ದು 59 ಎಂದು, 32ರದ್ದು 29 ಎಂದು ತೋರಿಸಿದರೆ ಗಾಬರಿ ಬೇಡ. ತಯಾರಕರು ಸಾವಿರದ ಲೆಕ್ಕದಲ್ಲೂ ಉಪಕರಣಗಳು 1,024ರ ಲೆಕ್ಕದಲ್ಲೂ ಎಣಿಸುವುದರಿಂದ ಬರುವ ವ್ಯತ್ಯಾಸ ಅದು. 128ರ ಕಾರ್ಡ್ 0 ಎಂದೋ 30 ಎಂಬಿ ಎಂದೋ ತೋರಿಸಿದರೆ ಮಾತ್ರ ಚಿಂತಿಸಬೇಕು.

ಫರ್ಮ್‌ವೇರ್ (ಕ್ಯಾಮೆರಾದ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಬಾಕಿ ಇದ್ದರೂ ಈಗ ಮಾಡಬೇಡಿ. ಕಾರ್ಡ್ ಹೊರಗೆ ಬಂದು ವಿಡಿಯೊ ಭದ್ರವಾದ ಮೇಲೆ ಮಾಡಿ.

## ಹಂತ 3: ಕಾರ್ಡ್ ಹೊರತೆಗೆಯುವುದು

ಕ್ಯಾಮೆರಾ ಓಡುತ್ತಿರುವಾಗಲೇ ಕಾರ್ಡ್ ಎಳೆಯುವುದು ಅತಿ ಸಾಮಾನ್ಯ ತಪ್ಪು, ಅತಿ ದುಬಾರಿ ತಪ್ಪೂ ಹೌದು. ವಿಡಿಯೊ ಫೈಲ್ ಪೂರ್ತಿಯಾಗುವುದು ಕೊನೆಯಲ್ಲಿ ಅದರ ಸೂಚಿ ಬರೆದಾಗ. ಯಾವ ಫೈಲ್ ಎಲ್ಲಿದೆ ಎಂಬ ಪಟ್ಟಿಯೂ ಆ ಹೊತ್ತಿಗೇ ಬದಲಾಗುತ್ತಿರುತ್ತದೆ. 32 ಜಿಬಿಗಿಂತ ದೊಡ್ಡ ಕಾರ್ಡ್‌ಗಳಲ್ಲಿ ಸಾಮಾನ್ಯವಾಗಿರುವ ಎಕ್ಸ್‌ಫ್ಯಾಟ್ ವ್ಯವಸ್ಥೆ ಈ ಪಟ್ಟಿಯ ಒಂದೇ ಪ್ರತಿ ಇಟ್ಟುಕೊಳ್ಳುತ್ತದೆ, ಅರ್ಧಕ್ಕೆ ನಿಂತ ಬರಹವನ್ನು ಹಿಂದಕ್ಕೆ ಸರಿಪಡಿಸುವ ದಾಖಲೆಯೂ ಅದರಲ್ಲಿಲ್ಲ. ಆ ಕ್ಷಣದಲ್ಲಿ ಕಾರ್ಡ್ ಎಳೆದರೆ ಒಂದು ಫೈಲ್ ಅಷ್ಟೇ ಅಲ್ಲ, ಇಡೀ ಕಾರ್ಡೇ ಓದಲಾಗದಂತೆ ಆಗಬಹುದು.

ಕ್ರಮ ಹೀಗೆ. ಆ್ಯಪ್‌ನಲ್ಲಿ ರೆಕಾರ್ಡಿಂಗ್ ಆಫ್ ಮಾಡಿ. ಕಾರ್ಡನ್ನು ಸುರಕ್ಷಿತವಾಗಿ ತೆಗೆಯುವ ಆಯ್ಕೆ ಇದ್ದರೆ ಅದನ್ನೂ ಒತ್ತಿ. ಒಂದು ನಿಮಿಷ ಬಿಟ್ಟು ಅಡಾಪ್ಟರ್ ತೆಗೆಯಿರಿ. ಕ್ಯಾಮೆರಾದ ದೀಪ ಪೂರ್ತಿ ಆರಿ ಹದಿನೈದು ಸೆಕೆಂಡ್ ಕಳೆಯಲಿ. ಬಳಿಕ ಉಗುರಿನ ತುದಿಯಿಂದ ಕಾರ್ಡನ್ನು ಒಳಕ್ಕೆ ಒತ್ತಿ, ‘ಕ್ಲಿಕ್’ ಎಂದ ಮೇಲೆ ನಿಧಾನ ಬಿಡಿ. ಸ್ಪ್ರಿಂಗ್ ಅದನ್ನು ಎರಡು ಮೂರು ಮಿಲಿಮೀಟರ್ ಹೊರಗೆ ತಳ್ಳುತ್ತದೆ. ಬೆರಳು ಫಕ್ಕನೆ ಬಿಟ್ಟರೆ ಕಾರ್ಡ್ ಹಾರಿಹೋಗುತ್ತದೆ. 15 ಮಿಲಿಮೀಟರ್ ಉದ್ದ, 11 ಮಿಲಿಮೀಟರ್ ಅಗಲದ ಆ ತುಂಡನ್ನು ಏಣಿಯ ಮೇಲಿಂದ ಹುಡುಕುವುದು ಯಾರಿಗೂ ಬೇಡ. ತಿರುಗುವ ಕ್ಯಾಮೆರಾಗಳಲ್ಲಿ ಸ್ಲಾಟ್ ಸಾಮಾನ್ಯವಾಗಿ ಲೆನ್ಸಿನ ಕೆಳಗೆ ಅಡಗಿರುತ್ತದೆ. ಗುಂಡಗಿನ ಭಾಗವನ್ನು ಕೈಯಿಂದ ಬಲವಂತವಾಗಿ ಎತ್ತುವ ಬದಲು, ಪವರ್ ಇರುವಾಗಲೇ ಆ್ಯಪ್‌ನಿಂದ ಲೆನ್ಸನ್ನು ಮೇಲಕ್ಕೆ ತಿರುಗಿಸಿಟ್ಟುಕೊಳ್ಳಿ.

ಹೊರಾಂಗಣ ಕ್ಯಾಮೆರಾ ಆಗಿದ್ದರೆ ಸ್ಲಾಟ್ ಮುಚ್ಚಳದ ರಬ್ಬರ್ ಪಟ್ಟಿ ನೋಡಿ. ಒಳಗೆ ಬಿಳಿ ಅಥವಾ ಹಸಿರು ಪುಡಿಯಂಥ ಕಲೆ ಇದ್ದರೆ ನೀರು ಒಳಹೊಕ್ಕಿದೆ. ಅಲ್ಲಿ ಎಷ್ಟು ಕಾರ್ಡ್ ಬದಲಿಸಿದರೂ ವ್ಯರ್ಥ.

## ಹಂತ 4: ವಿಡಿಯೊ ಉಳಿಸಿಕೊಳ್ಳುವುದು

ಕಾರ್ಡ್ ರೀಡರ್‌ಗೆ ಹಾಕಿದ ಕೂಡಲೇ ವಿಂಡೋಸ್ ‘ಡಿಸ್ಕ್ ಫಾರ್ಮ್ಯಾಟ್ ಮಾಡಬೇಕೇ’ ಎಂದು ಕೇಳಬಹುದು. ‘ಕ್ಯಾನ್ಸಲ್’ ಒತ್ತಿ. ಕ್ಯಾಮೆರಾದ ವಿಶೇಷ ಫಾರ್ಮ್ಯಾಟ್ ವಿಂಡೋಸ್‌ಗೆ ಅರ್ಥವಾಗದಿದ್ದಾಗಲೂ ಇದೇ ಪ್ರಶ್ನೆ ಬರುತ್ತದೆ. ಕಾರ್ಡಿನಲ್ಲಿ ಏನೂ ಇಲ್ಲ ಎಂದು ಇದರರ್ಥವಲ್ಲ. ‘ಸ್ಕ್ಯಾನ್ ಅಂಡ್ ಫಿಕ್ಸ್’ ಎಂದು ಕೇಳಿದರೂ ಸದ್ಯಕ್ಕೆ ಬೇಡ. ರಿಪೇರಿ ಎಂದರೆ ಕಾರ್ಡಿನ ಮೇಲೆ ಬರೆಯುವುದು. ಉಳಿಸಬೇಕಾದ್ದು ಇರುವಾಗ ಕಾರ್ಡಿನ ಮೇಲೆ ಒಂದಕ್ಷರವೂ ಬರೆಯಬಾರದು. ಮೈಕ್ರೊ ಎಸ್‌ಡಿಯನ್ನು ದೊಡ್ಡ ಎಸ್‌ಡಿ ಅಡಾಪ್ಟರ್‌ನೊಳಗೆ ಇಟ್ಟು ಬಳಸುತ್ತಿದ್ದರೆ ಪಕ್ಕದ ಲಾಕ್ ಗುಂಡಿಯನ್ನು ಲಾಕ್ ಕಡೆಗೆ ಸರಿಸಿಡಿ.

ಫೈಲ್‌ಗಳು ಕಾಣುತ್ತಿದ್ದರೆ ಇಡೀ ಫೋಲ್ಡರನ್ನು ಕಂಪ್ಯೂಟರ್‌ಗೆ ಕಾಪಿ ಮಾಡಿ. ನಡುವೆ ಒಂದು ಫೈಲಿಗೆ ನಿಂತರೆ ಅದನ್ನು ‘ಸ್ಕಿಪ್’ ಮಾಡಿ ಮುಂದಕ್ಕೆ ಹೋಗಿ. ಕೆಟ್ಟ ಫೈಲಿನ ಮೇಲೆ ಮತ್ತೆ ಮತ್ತೆ ಪ್ರಯತ್ನಿಸುತ್ತ ಕೂತರೆ ಕೊನೆಯುಸಿರಲ್ಲಿರುವ ಕಾರ್ಡ್ ಉಳಿದದ್ದನ್ನೂ ಕೊಡದೆ ಹೋಗಬಹುದು.

ಏನೂ ಕಾಣದಿದ್ದರೆ ಮೊದಲು ಕಾರ್ಡಿನ ಪೂರ್ತಿ ಪ್ರತಿಯನ್ನು ಒಂದು ಇಮೇಜ್ ಫೈಲ್ ಆಗಿ ಮಾಡಿಕೊಳ್ಳಿ. ಲಿನಕ್ಸ್ ಗೊತ್ತಿರುವವರಿಗೆ ಡಿಡಿರೆಸ್ಕ್ಯೂ ಇದಕ್ಕೆಂದೇ ಇದೆ. ಸುಲಭಕ್ಕೆ ಸಿಗುವುದನ್ನು ಮೊದಲು ಎತ್ತಿಕೊಂಡು ಕೆಟ್ಟ ಜಾಗಗಳಿಗೆ ಕೊನೆಯಲ್ಲಿ ಹೋಗುತ್ತದೆ. ಆ ಇಮೇಜ್ ಮೇಲೆ, ಕಳೆದ ಫೈಲ್‌ಗಳನ್ನು ಹುಡುಕಿಕೊಡುವ ಉಚಿತ ಸಾಫ್ಟ್‌ವೇರ್ ಫೋಟೋರೆಕ್ ಓಡಿಸಿ. ಸಿಕ್ಕ ಫೈಲ್‌ಗಳನ್ನು ಅದೇ ಕಾರ್ಡಿಗೆ ಉಳಿಸಬೇಡಿ. ಹೆಸರು, ತಾರೀಖು ಯಾವುದೂ ಇರುವುದಿಲ್ಲ, ಕೆಲವು ತುಣುಕುಗಳು ಓಡುವುದೂ ಇಲ್ಲ. ಒಂದೊಂದಾಗಿ ತೆರೆದು ಮೂಲೆಯಲ್ಲಿರುವ ಸಮಯ ನೋಡಿ ಗುರುತಿಸಬೇಕು. ಲೂಪ್‌ನಲ್ಲಿ ಮೇಲೆ ಬರೆದುಹೋದದ್ದು ಮಾತ್ರ ಯಾವ ಸಾಫ್ಟ್‌ವೇರ್‌ಗೂ ಮರಳಿ ಸಿಗದು.

ಕಳ್ಳತನ, ಅಪಘಾತದಂಥ ಘಟನೆಯ ವಿಡಿಯೊ ಅದರಲ್ಲಿದ್ದರೆ ಈ ಪ್ರಯೋಗಗಳೆಲ್ಲ ಬೇಡ. ಕಾರ್ಡನ್ನು ಒಂದು ಲಕೋಟೆಗೆ ಹಾಕಿ, ತೆಗೆದ ದಿನಾಂಕ ಮತ್ತು ಸಮಯ ಬರೆದು ಎತ್ತಿಡಿ. ಕ್ಯಾಮೆರಾಕ್ಕೆ ಬೇರೆ ಕಾರ್ಡ್ ಹಾಕಿ.

## ಹಂತ 5: ತಪ್ಪು ಯಾರದೆಂದು ಹಿಡಿಯುವುದು

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಹೊಸ ಕಾರ್ಡ್‌ಗಳು ಸಾಲಾಗಿ ಸಾಯುವುದು ಇದನ್ನು ಬಿಟ್ಟದ್ದರಿಂದಲೇ.

### ಮೊದಲು ಕಾರ್ಡಿನ ಪರೀಕ್ಷೆ

ಈ ಪರೀಕ್ಷೆಯಲ್ಲಿ ಒಳಗಿರುವುದನ್ನೆಲ್ಲ ಅಳಿಸಬೇಕು, ಹಾಗಾಗಿ ನಾಲ್ಕನೆಯ ಹಂತ ಮುಗಿದ ಮೇಲೆ ಮಾತ್ರ ಶುರು ಮಾಡಿ. ಕಾರ್ಡ್ ಖಾಲಿ ಮಾಡಿ ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಮ್ಯಾಕ್ ಅಥವಾ ಲಿನಕ್ಸ್‌ನಲ್ಲಿ ಎಫ್3 ಓಡಿಸಿ. ಎರಡೂ ಉಚಿತ. ಎರಡರ ಕೆಲಸವೂ ಒಂದೇ: ಕಾರ್ಡ್ ತುಂಬುವವರೆಗೆ ಗೊತ್ತಿರುವ ಮಾಹಿತಿ ಬರೆದು, ಮತ್ತೆ ಓದಿ ತಾಳೆ ನೋಡುವುದು. 128 ಜಿಬಿ ಕಾರ್ಡ್ ಸೆಕೆಂಡಿಗೆ 20 ಎಂಬಿ ಬರೆಯುತ್ತಿದ್ದರೆ ಬರೆಯಲಿಕ್ಕೇ ಸುಮಾರು ಒಂದು ಮುಕ್ಕಾಲು ಗಂಟೆ ಬೇಕು. ಬೇಗ ಮುಗಿಯಲಿ ಎಂದು ಬರೀ ಒಂದು ಜಿಬಿ ಪರೀಕ್ಷಿಸಿ ನಿಲ್ಲಿಸಿದರೆ ಉಪಯೋಗವಿಲ್ಲ, ದೋಷ ಎಲ್ಲಿ ಅಡಗಿದೆ ಎಂದು ಮೊದಲೇ ಗೊತ್ತಿರುವುದಿಲ್ಲ.

ಫಲಿತಾಂಶ ಮೂರು ಬಗೆ. ಒಂದೂ ತಪ್ಪಿಲ್ಲದೆ ಮುಗಿದರೆ ಕಾರ್ಡ್ ನಿರಪರಾಧಿ. ಅಲ್ಲಲ್ಲಿ ತಪ್ಪು ಕಂಡರೆ ಇನ್ನೊಂದು ರೀಡರ್‌ನಲ್ಲಿ ಒಮ್ಮೆ ನೋಡಿ. ಅಲ್ಲೂ ಬಂದರೆ ಆ ಕಾರ್ಡ್ ಕ್ಯಾಮೆರಾಕ್ಕೆ ಬೇಡ, ಫೋಟೊ ಇಡಲೂ ಬೇಡ. ಮೊದಲ 16 ಅಥವಾ 32 ಜಿಬಿ ಸರಿಯಾಗಿ ಬಂದು, ಅಲ್ಲಿಂದಾಚೆ ಎಲ್ಲವೂ ತಪ್ಪು ಎಂದರೆ ಅದು ನಕಲಿ ಕಾರ್ಡ್. ಹೊದಿಕೆಯ ಮೇಲೆ 128 ಎಂದಿದೆ, ಒಳಗಿರುವ ಚಿಪ್ ಅಷ್ಟಿಲ್ಲ. ಇಂಥವು ಕೆಲವು ದಿನ ಸೊಗಸಾಗಿ ಓಡಿ, ನಿಜವಾದ ಜಾಗ ಮುಗಿದ ಮೇಲೆ ಕೈಕೊಡುತ್ತವೆ. ‘ಮೊದಲ ಎರಡು ದಿನ ಚೆನ್ನಾಗಿತ್ತು’ ಎನ್ನುವ ದೂರಿನ ಹಿಂದೆ ಹಲವು ಸಲ ಇದೇ ಇರುತ್ತದೆ.

### ಕರೆಂಟಿನ ಪರೀಕ್ಷೆ

ಕಾರ್ಡ್ ಪಾಸಾಯಿತು, ತೊಂದರೆ ಹಾಗೇ ಇದೆ ಎಂದರೆ ಅಡಾಪ್ಟರ್ ಕಡೆ ತಿರುಗಿ. ಕತ್ತಲಾದಾಗ ಕ್ಯಾಮೆರಾ ಇನ್‌ಫ್ರಾರೆಡ್ ದೀಪಗಳನ್ನು ಹೊತ್ತಿಸುತ್ತದೆ, ಆಗ ಅದು ಎಳೆಯುವ ಕರೆಂಟ್ ಒಮ್ಮೆಲೇ ಏರುತ್ತದೆ. ಅಡಾಪ್ಟರ್ ದುರ್ಬಲವಾಗಿದ್ದರೆ ಅಥವಾ ಕೇಬಲ್ ಉದ್ದವಾಗಿ ತೆಳ್ಳಗಿದ್ದರೆ ಆ ಕ್ಷಣ ವೋಲ್ಟೇಜ್ ಕುಸಿದು ಕ್ಯಾಮೆರಾ ರೀಸ್ಟಾರ್ಟ್ ಆಗುತ್ತದೆ. ಪ್ರತಿ ರೀಸ್ಟಾರ್ಟ್ ಎಂದರೆ ಬರೆಯುತ್ತಿದ್ದ ಫೈಲ್ ಅರ್ಧಕ್ಕೆ ನಿಂತಂತೆ, ಅಂದರೆ ಓಡುತ್ತಿರುವಾಗಲೇ ಕಾರ್ಡ್ ಎಳೆದಂತೆ. ರಾತ್ರಿಗೆ ಹತ್ತು ಸಲ ಹೀಗಾದರೆ ಯಾವ ಕಾರ್ಡ್ ತಡೆದೀತು?

ಇದನ್ನು ಹಗಲಲ್ಲೇ ನೋಡಬಹುದು. ಆ್ಯಪ್‌ನಲ್ಲಿ ನೈಟ್ ಮೋಡನ್ನು ‘ಆಟೊ’ದಿಂದ ‘ಆನ್’ಗೆ ಬದಲಿಸಿ ಕ್ಯಾಮೆರಾದ ಹತ್ತಿರ ಕಿವಿ ಇಡಿ. ಒಳಗೆ ಸಣ್ಣದಾಗಿ ‘ಟಕ್’ ಎನ್ನುತ್ತದೆ. ಲೆನ್ಸಿನ ಹಿಂದಿನ ಫಿಲ್ಟರ್ ಸರಿಯುವ ಸದ್ದು ಅದು. ಚಿತ್ರ ಕಪ್ಪು ಬಿಳುಪಾಗುತ್ತದೆ. ಹಲವು ಮಾದರಿಗಳಲ್ಲಿ ಲೆನ್ಸಿನ ಸುತ್ತ ಮಂಕು ಕೆಂಪು ಚುಕ್ಕಿಗಳು ಕಾಣುತ್ತವೆ. ಹಾಗೇ ಹದಿನೈದು ನಿಮಿಷ ಬಿಡಿ. ಲೈವ್ ಚಿತ್ರ ಕಡಿದುಹೋದರೆ, ದೀಪದ ಬಣ್ಣ ಶುರುವಿನ ಬಣ್ಣಕ್ಕೆ ಮರಳಿದರೆ, ‘ಟಕ್ ಟಕ್’ ಎಂದು ಮತ್ತೆ ಮತ್ತೆ ಕೇಳಿದರೆ ಕಾರಣ ಸಿಕ್ಕಂತೆ. ಟೆಸ್ಟರ್ ಇದ್ದರೆ ಕೇಬಲ್‌ನ ಕ್ಯಾಮೆರಾ ತುದಿಯಲ್ಲಿ, ಈ ದೀಪಗಳು ಹೊತ್ತಿರುವಾಗಲೇ ಅಳೆಯಿರಿ. 5 ವೋಲ್ಟ್‌ನ ಕ್ಯಾಮೆರಾದಲ್ಲಿ ಅದು 4.75ಕ್ಕಿಂತ ಕೆಳಗಿಳಿಯುತ್ತಿದ್ದರೆ ಅಡಾಪ್ಟರ್ ಅಥವಾ ಕೇಬಲ್ ಬದಲಿಸಿ.

ಬದಲಿಸುವಾಗ ಕ್ಯಾಮೆರಾದ ಅಡಿಯಲ್ಲಿ ಬರೆದಿರುವ ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟು ಅಥವಾ ಅದಕ್ಕಿಂತ ಹೆಚ್ಚು ಇರಬಹುದು. 5 ವೋಲ್ಟ್‌ನ ಕ್ಯಾಮೆರಾಕ್ಕೆ 12 ವೋಲ್ಟ್ ಕೊಟ್ಟರೆ ಕಾರ್ಡ್ ಜೊತೆ ಕ್ಯಾಮೆರಾವೂ ಹೋಗುತ್ತದೆ. ಟಿವಿ ಅಥವಾ ರೌಟರ್‌ನ ಯುಎಸ್‌ಬಿ ತೂತಿನಿಂದ ಕ್ಯಾಮೆರಾಕ್ಕೆ ಕರೆಂಟ್ ಕೊಡಬೇಡಿ.

### ಕೊನೆಗೆ ಕ್ಯಾಮೆರಾ

ಸರಿಯಾಗಿದೆ ಎಂದು ಖಚಿತವಿರುವ ಇನ್ನೊಂದು ಕಾರ್ಡನ್ನು ಹಾಕಿ, ಮೂಲ ಅಡಾಪ್ಟರ್‌ನಲ್ಲಿ 48 ಗಂಟೆ ಓಡಿಸಿ. ಎರಡು ರಾತ್ರಿ ದಾಟಲೇಬೇಕು. ಅದೂ ಕೈಕೊಟ್ಟರೆ ಸ್ಲಾಟ್ ಅಥವಾ ಫರ್ಮ್‌ವೇರ್ ಕಾರಣ. ಫರ್ಮ್‌ವೇರ್ ಅಪ್‌ಡೇಟ್‌ಗೆ ಈಗ ಸಮಯ. ಆ ಹೊತ್ತಿನಲ್ಲಿ ಕಾರ್ಡ್ ಹೊರಗಿರಲಿ, ಕರೆಂಟ್ ಹೋಗದಂತೆ ನೋಡಿಕೊಳ್ಳಿ.

## ಹಂತ 6: ಪಟ್ಟಿ ಮತ್ತು ಸ್ಲಾಟ್ ಶುಚಿ ಮಾಡುವುದು

ಕಾರ್ಡಿನ ಹಿಂಬದಿಯಲ್ಲಿ ಎಂಟು ಚಿನ್ನದ ಬಣ್ಣದ ಪಟ್ಟಿಗಳಿವೆ. ಬೆಳಕಿಗೆ ಓರೆಯಾಗಿ ಹಿಡಿದರೆ ಬೆರಳಿನ ಜಿಡ್ಡು ಮೋಡದ ಹಾಗೆ ಕಾಣುತ್ತದೆ. ಬಟ್ಟೆಯ ತುದಿಗೆ ಒಂದೆರಡು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಪಟ್ಟಿಯ ಉದ್ದಕ್ಕೆ ಒಂದೇ ದಿಕ್ಕಿನಲ್ಲಿ ಒರೆಸಿ, ಐದು ನಿಮಿಷ ಒಣಗಲು ಬಿಡಿ. ಪೆನ್ಸಿಲ್ ರಬ್ಬರ್‌ನಿಂದ ಉಜ್ಜಬೇಡಿ. ಚಿನ್ನದ ಲೇಪ ಬಹಳ ತೆಳು, ಉಜ್ಜಿದರೆ ಎದ್ದುಹೋಗುತ್ತದೆ. ಸ್ಲಾಟ್‌ನೊಳಗೆ ಸೂಜಿ, ಪಿನ್ ಏನನ್ನೂ ತೂರಿಸಬೇಡಿ. ಒಳಗೆ ಧೂಳಿದ್ದರೆ ಕೈಯಲ್ಲಿ ಒತ್ತುವ ರಬ್ಬರ್ ಬ್ಲೋವರ್ ಸಾಕು. ಬಾಯಿಂದ ಊದಿದರೆ ಎಂಜಲಿನ ಹನಿ ಒಳಸೇರುತ್ತದೆ.

## ಹಂತ 7: ಈಗ ಫಾರ್ಮ್ಯಾಟ್

ಎರಡು ಸಲ ಮಾಡಬೇಕು: ಮೊದಲು ಕಂಪ್ಯೂಟರ್‌ನಲ್ಲಿ, ಆಮೇಲೆ ಕ್ಯಾಮೆರಾದಲ್ಲಿ.

ಕಂಪ್ಯೂಟರ್‌ನಲ್ಲಿ ಎಸ್‌ಡಿ ಅಸೋಸಿಯೇಷನ್‌ನ ಉಚಿತ ‘ಎಸ್‌ಡಿ ಮೆಮೊರಿ ಕಾರ್ಡ್ ಫಾರ್ಮ್ಯಾಟರ್’ ಬಳಸಿ. ಡ್ರೈವ್ ಅಕ್ಷರವನ್ನು ಎರಡು ಸಲ ನೋಡಿಕೊಳ್ಳಿ. ಪಕ್ಕದ ಪೆನ್‌ಡ್ರೈವ್ ಅಳಿಸಿಕೊಂಡರೆ ಯಾರೂ ಹಿಂದಿರುಗಿಸಿ ಕೊಡುವುದಿಲ್ಲ. ಇದು ಕಾರ್ಡಿನ ಗಾತ್ರಕ್ಕೆ ತಕ್ಕ ವ್ಯವಸ್ಥೆಯನ್ನು ತಾನೇ ಆರಿಸುತ್ತದೆ: 32 ಜಿಬಿವರೆಗೆ ಫ್ಯಾಟ್32, ಅದರ ಮೇಲೆ ಎಕ್ಸ್‌ಫ್ಯಾಟ್. ತೊಂದರೆ ಕೊಟ್ಟ ಕಾರ್ಡಿಗೆ ‘ಓವರ್‌ರೈಟ್ ಫಾರ್ಮ್ಯಾಟ್’ ಆರಿಸಿ. ‘ಕ್ವಿಕ್’ ಬರೀ ಪಟ್ಟಿಯನ್ನಷ್ಟೇ ಅಳಿಸುತ್ತದೆ, ಇಡೀ ಕಾರ್ಡನ್ನು ಮುಟ್ಟುವುದಿಲ್ಲ.

ಹಳೆಯ ಕ್ಯಾಮೆರಾಗಳಲ್ಲಿ ಕೆಲವು ಫ್ಯಾಟ್32 ಬಿಟ್ಟು ಬೇರೆ ಯಾವುದನ್ನೂ ಓದುವುದಿಲ್ಲ. ಅವುಗಳಿಗೆ 64 ಜಿಬಿ ಕಾರ್ಡ್ ಹಾಕಿದರೆ ‘ಕಾರ್ಡ್ ಸರಿಯಿಲ್ಲ’ ಎನ್ನುತ್ತವೆ. ಕ್ಯಾಮೆರಾದ ಕೈಪಿಡಿಯಲ್ಲಿ ಗರಿಷ್ಠ ಎಷ್ಟು ಜಿಬಿ ಎಂದಿದೆಯೋ ಅಷ್ಟಕ್ಕೇ ನಿಲ್ಲಿ. 32ಕ್ಕಿಂತ ದೊಡ್ಡದನ್ನು ಒತ್ತಾಯದಿಂದ ಫ್ಯಾಟ್32 ಮಾಡಿಕೊಡುವ ಸಾಫ್ಟ್‌ವೇರ್‌ಗಳೇನೋ ಇವೆ. ಮೊದಲ ವಾರ ಓಡುತ್ತದೆ, ಆಮೇಲಿನ ಭರವಸೆ ಇಲ್ಲ.

ಅದಾದ ಮೇಲೆ ಪವರ್ ಆಫ್ ಇರುವಾಗ ಕಾರ್ಡನ್ನು ಕ್ಯಾಮೆರಾಕ್ಕೆ ಹಾಕಿ, ‘ಕ್ಲಿಕ್’ ಆಗುವವರೆಗೆ ಒತ್ತಿ, ಪವರ್ ಕೊಟ್ಟು ಎರಡು ನಿಮಿಷ ಬಿಟ್ಟು ಆ್ಯಪ್‌ನಿಂದ ಫಾರ್ಮ್ಯಾಟ್ ಮಾಡಿ. ಕ್ಯಾಮೆರಾಕ್ಕೆ ಬೇಕಾದ ಫೋಲ್ಡರ್ ಮತ್ತು ಸೂಚಿ ಫೈಲ್‌ಗಳನ್ನು ಅದೇ ಸೃಷ್ಟಿಸಿಕೊಳ್ಳಬೇಕು. ಕಂಪ್ಯೂಟರ್‌ನಲ್ಲಿ ಮಾಡಿ ಇದನ್ನು ಬಿಟ್ಟರೆ ‘ನಾರ್ಮಲ್’ ಎಂದು ತೋರಿಸಿಯೂ ರೆಕಾರ್ಡ್ ಮಾಡದೆ ಕೂರುವ ಕ್ಯಾಮೆರಾಗಳಿವೆ. ಶೇಕಡಾವಾರು ಓಡುವಾಗ ಆ್ಯಪ್ ಮುಚ್ಚಬೇಡಿ. ಪ್ರತಿ ಸಲ ಅದೇ ಶೇಕಡಾಕ್ಕೆ ನಿಂತು ವಿಫಲವಾದರೆ ಕಾರ್ಡಿನ ಆ ಭಾಗ ಸತ್ತಿದೆ.

## ಹಂತ 8: ಸರಿಯಾಯಿತೆಂದು ಖಚಿತಪಡಿಸಿಕೊಳ್ಳುವುದು

ಆ್ಯಪ್‌ನಲ್ಲಿ ‘ನಾರ್ಮಲ್’ ಎಂಬ ಹಸಿರು ಪದ ಕಂಡು ಏಣಿ ಒಳಗಿಡಬೇಡಿ. ಹತ್ತು ನಿಮಿಷ ಬಿಟ್ಟು ಹಿಂದಿನ ಐದು ನಿಮಿಷವನ್ನು ಓಡಿಸಿ ನೋಡಿ. ಮಾರನೆಯ ಬೆಳಿಗ್ಗೆ ರಾತ್ರಿ ಎರಡರ ಹೊತ್ತಿನ ವಿಡಿಯೊ ತೆರೆಯಿರಿ. ಆ್ಯಪ್‌ನಿಂದಲೇ ಒಮ್ಮೆ ರೀಸ್ಟಾರ್ಟ್ ಮಾಡಿ, ರೆಕಾರ್ಡಿಂಗ್ ತಾನಾಗಿ ಮುಂದುವರಿಯಿತೇ ನೋಡಿ.

ನಾಲ್ಕನೆಯ ಪರೀಕ್ಷೆ ಎಲ್ಲರೂ ಮರೆಯುವಂಥದ್ದು: ಕಾರ್ಡ್ ಮೊದಲ ಸಲ ತುಂಬಿ ಹಳೆಯದರ ಮೇಲೆ ಬರೆಯಲು ಶುರುವಾಗುವ ದಿನ. ಓವರ್‌ರೈಟ್ ಆಫ್ ಇದ್ದದ್ದು, ನಕಲಿ ಕಾರ್ಡ್, ಕೊನೆಯ ಭಾಗದ ದೋಷ ಎಲ್ಲವೂ ಹೊರಬೀಳುವುದು ಅವತ್ತೇ. ಆ ದಿನ ಯಾವುದೆಂದು ಲೆಕ್ಕ ಹಾಕಿ ಫೋನಿನಲ್ಲಿ ರಿಮೈಂಡರ್ ಇಟ್ಟುಕೊಳ್ಳಿ. ಲೆಕ್ಕ ಸುಲಭ: ಸತತ ರೆಕಾರ್ಡಿಂಗ್‌ನಲ್ಲಿ ಪ್ರತಿ 1 ಎಂಬಿಪಿಎಸ್ (ಸೆಕೆಂಡಿಗೆ ಒಂದು ಮೆಗಾಬಿಟ್) ಬಿಟ್‌ರೇಟ್‌ಗೆ, ಅಂದರೆ ವಿಡಿಯೊ ಬರೆಯುವ ದರಕ್ಕೆ, ದಿನಕ್ಕೆ 10.8 ಜಿಬಿ. 2 ಎಂಬಿಪಿಎಸ್‌ನ ಕ್ಯಾಮೆರಾ ದಿನಕ್ಕೆ 21.6 ಜಿಬಿ ಬರೆಯುತ್ತದೆ, 128 ಜಿಬಿ ಕಾರ್ಡ್ ಆರು ದಿನದೊಳಗೆ ತುಂಬುತ್ತದೆ. 4 ಎಂಬಿಪಿಎಸ್ ಆದರೆ ಮೂರು ದಿನ.

## ಮತ್ತೆ ಹೀಗಾಗದಂತೆ

### ಕಾರ್ಡಿನ ಆಯ್ಕೆ

ಅಂಗಡಿಯಲ್ಲಿ ವೇಗ ನೋಡಿ ಕಾರ್ಡ್ ಆರಿಸುವವರೇ ಹೆಚ್ಚು. ಮನೆಯ ಕ್ಯಾಮೆರಾಕ್ಕೆ ವೇಗ ಮುಖ್ಯವೇ ಅಲ್ಲ. 4 ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಅರ್ಧ ಎಂಬಿ; ಕ್ಲಾಸ್ 10 ಕಾರ್ಡ್ ಕನಿಷ್ಠ 10 ಎಂಬಿ ಬರೆಯುತ್ತದೆ. ಯು3, ವಿ30, ಎ2 ಎಂಬ ಗುರುತುಗಳಿಗೆ ಹೆಚ್ಚು ಹಣ ಕೊಟ್ಟರೆ ಇಲ್ಲಿ ಏನೂ ಸಿಗುವುದಿಲ್ಲ.

ಬೇಕಾಗಿರುವುದು ಬಾಳಿಕೆ. ಕಾರ್ಡಿನೊಳಗಿನ ಪ್ರತಿ ಕೋಶವನ್ನೂ ಇಂತಿಷ್ಟು ಸಲ ಮಾತ್ರ ಅಳಿಸಿ ಬರೆಯಬಹುದು. 2 ಎಂಬಿಪಿಎಸ್‌ನ ಕ್ಯಾಮೆರಾ ವರ್ಷಕ್ಕೆ ಸುಮಾರು 7.9 ಟಿಬಿ ಬರೆಯುತ್ತದೆ. ಅಷ್ಟನ್ನು 32 ಜಿಬಿ ಕಾರ್ಡಿಗೆ ತುಂಬಿಸಿದರೆ ಅದು ವರ್ಷದಲ್ಲಿ 246 ಸಲ ಮೂಲೆಯಿಂದ ಮೂಲೆಗೆ ತುಂಬಿ ಅಳಿಯುತ್ತದೆ. 128 ಜಿಬಿ ಕಾರ್ಡ್ ಬರೀ 62 ಸಲ. ದೊಡ್ಡ ಕಾರ್ಡ್ ಹೆಚ್ಚು ದಿನದ ವಿಡಿಯೊ ಇಡುತ್ತದೆ ಎಂಬುದಷ್ಟೇ ಅಲ್ಲ, ಹೆಚ್ಚು ಕಾಲ ಬದುಕುತ್ತದೆ.

ಹೊದಿಕೆಯ ಮೇಲೆ ‘ಎಂಡ್ಯೂರೆನ್ಸ್’ ಎಂದಿರುವ ಕಾರ್ಡ್‌ಗಳು ಸತತ ರೆಕಾರ್ಡಿಂಗ್‌ಗೆಂದೇ ಮಾಡಿದವು. ಸ್ಯಾನ್‌ಡಿಸ್ಕ್‌ನ ಹೈ ಎಂಡ್ಯೂರೆನ್ಸ್ 64 ಜಿಬಿಗೆ 5,000 ಗಂಟೆ, 128ಕ್ಕೆ 10,000, 256ಕ್ಕೆ 20,000 ಗಂಟೆ ಎಂದು ಹೇಳುತ್ತದೆ. ಗಾತ್ರ ಇಮ್ಮಡಿಯಾದಂತೆ ಆಯುಷ್ಯವೂ ಇಮ್ಮಡಿ. ವರ್ಷಕ್ಕೆ 8,760 ಗಂಟೆ, ಹಾಗಾದರೆ 10,000 ಗಂಟೆ ಒಂದೇ ವರ್ಷಕ್ಕೆ ಮುಗಿಯುತ್ತದಲ್ಲ ಎಂದು ಹೆದರಬೇಡಿ. ಆ ಲೆಕ್ಕ 26 ಎಂಬಿಪಿಎಸ್‌ನ ವಿಡಿಯೊಗೆ ಹಾಕಿದ್ದು, ಮನೆಯ ಕ್ಯಾಮೆರಾ ಅದರ ಹತ್ತರಲ್ಲಿ ಒಂದು ಭಾಗದಷ್ಟು ಬರೆಯುತ್ತದೆ. ಆದರೆ ನೇರ ಭಾಗಾಕಾರ ಮಾಡಿ ಹತ್ತಾರು ವರ್ಷ ಎಂದು ನಂಬುವುದೂ ಬೇಡ: ಸಣ್ಣ ಸಣ್ಣ ಸೂಚಿ ಬರಹಗಳು ಮತ್ತು ಕಾವು ಆಯುಷ್ಯವನ್ನು ಕಡಿತ ಮಾಡುತ್ತವೆ.

ಇನ್ನೊಂದು ಮಾತು ಖರೀದಿಗೆ ಮೊದಲೇ ಗೊತ್ತಿರಲಿ. ಹಲವು ಸಾಮಾನ್ಯ ಕಾರ್ಡ್‌ಗಳ ವಾರಂಟಿ ಷರತ್ತಿನಲ್ಲಿ ಸತತ ಕಣ್ಗಾವಲು ರೆಕಾರ್ಡಿಂಗ್‌ಗೆ ಬಳಸಿದರೆ ವಾರಂಟಿ ಇಲ್ಲ ಎಂದಿರುತ್ತದೆ. ಆ ಸಣ್ಣ ಅಕ್ಷರಗಳನ್ನು ಓದಿ. ತಂದ ದಿನವೇ, ಕ್ಯಾಮೆರಾಕ್ಕೆ ಹಾಕುವ ಮೊದಲು, ಐದನೆಯ ಹಂತದ ಪೂರ್ತಿ ಪರೀಕ್ಷೆ ಮಾಡಿ. ನಕಲಿ ಎಂದು ಗೊತ್ತಾದರೆ ಹಿಂದಿರುಗಿಸಲು ಇನ್ನೂ ಸಮಯ ಇರುತ್ತದೆ.

### ಬರೆಯುವ ಹೊರೆ ಇಳಿಸುವುದು

ವಿಡಿಯೊವನ್ನು ಕುಗ್ಗಿಸಿ ಬರೆಯುವ ಎಚ್.265 ಎಂಬ ವಿಧಾನದ ಆಯ್ಕೆ ಇದ್ದರೆ ಆರಿಸಿ. ಸುಮಾರು ಅದೇ ಗುಣಮಟ್ಟಕ್ಕೆ ಎಚ್.264ಗಿಂತ ಬಹಳ ಕಡಿಮೆ ಜಾಗ ಸಾಕು, ಎಷ್ಟೋ ದೃಶ್ಯಗಳಲ್ಲಿ ಅರ್ಧದ ಹತ್ತಿರ. ಚಲನೆಗೆ ಮಾತ್ರ ರೆಕಾರ್ಡ್ ಎಂದಿಟ್ಟರೆ ಇನ್ನೂ ಇಳಿಯುತ್ತದೆ. ಆದರೆ ಕ್ಯಾಮೆರಾದ ಎದುರು ಅಲ್ಲಾಡುವ ಗಿಡವೋ ಒಣಹಾಕಿದ ಬಟ್ಟೆಯೋ ಇದ್ದರೆ ಗಾಳಿ ಬೀಸಿದಾಗೆಲ್ಲ ರೆಕಾರ್ಡಿಂಗ್ ನಡೆದೇ ಇರುತ್ತದೆ. ಗಮನಿಸುವ ವಲಯವನ್ನು ಬಾಗಿಲು, ಗೇಟಿನಷ್ಟಕ್ಕೆ ಎಳೆದುಕೊಳ್ಳಿ. ಯಾವ ತಪ್ಪೂ ಆಗಬಾರದಂಥ ಜಾಗಕ್ಕೆ ಸತತ ರೆಕಾರ್ಡಿಂಗೇ ಸರಿ. ಅಲ್ಲಿ ಕಾರ್ಡ್ ಸವೆಯಲಿ ಬಿಡಿ, ಬದಲಿಸೋಣ.

### ಕರೆಂಟ್, ಕಾವು, ತಿಂಗಳ ಪರೀಕ್ಷೆ

ಕ್ಯಾಮೆರಾ ಮತ್ತು ರೌಟರ್ ಎರಡನ್ನೂ ಒಂದು ಸಣ್ಣ ಯುಪಿಎಸ್‌ಗೆ ಹಾಕಿ. ಕಾರ್ಡ್ ಉಳಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಖರ್ಚು ಇಲ್ಲ. ನೇರ ಬಿಸಿಲು ಬೀಳುವ ಕಡೆ ಕ್ಯಾಮೆರಾದ ಮೇಲೆ ಚಿಕ್ಕ ಮಾಡು ಇರಲಿ, ಹಿಂಬದಿಯಲ್ಲಿ ಗಾಳಿ ಆಡಲಿ.

ತಿಂಗಳಿಗೊಮ್ಮೆ ಮೂರು ಬೇರೆ ದಿನದ, ಅದರಲ್ಲಿ ಒಂದು ನಡುರಾತ್ರಿಯ, ವಿಡಿಯೊ ತೆರೆದು ನೋಡಿ. ಎರಡು ನಿಮಿಷದ ಕೆಲಸ. ಪ್ರತಿ ವಾರ ಫಾರ್ಮ್ಯಾಟ್ ಮಾಡಿ ಎಂಬ ಸಲಹೆ ಎಲ್ಲೆಡೆ ಓಡಾಡುತ್ತಿದೆ. ಅದರಿಂದ ಕಾರ್ಡಿಗೆ ಆಯುಷ್ಯ ಬರುವುದಿಲ್ಲ, ವಿಡಿಯೊ ಮಾತ್ರ ಹೋಗುತ್ತದೆ. ಕಾರ್ಡಿನ ಮೇಲೆ ಹಾಕಿದ ತಿಂಗಳು ಮತ್ತು ವರ್ಷವನ್ನು ತೆಳು ಮಾರ್ಕರ್‌ನಿಂದ ಬರೆದಿಡಿ, ಚೀಟಿ ಅಂಟಿಸಬೇಡಿ. ಅದು ಸ್ಲಾಟ್‌ನಲ್ಲಿ ಸಿಕ್ಕಿಕೊಳ್ಳುತ್ತದೆ.

## ಕಾರ್ಡ್ ಬದಲಿಸಲೇಬೇಕಾದಾಗ

ಒಂದೇ ತಿಂಗಳಲ್ಲಿ ಎರಡನೆಯ ಸಲ ಫಾರ್ಮ್ಯಾಟ್ ಕೇಳಿತು, ಪೂರ್ತಿ ಪರೀಕ್ಷೆಯಲ್ಲಿ ಒಂದು ತಪ್ಪಾದರೂ ಬಂತು, ಅಳಿಸಿದ ಫೈಲ್ ಮರಳಿ ಬಂತು, ಮುಂಚೆ ತಕ್ಷಣ ತೆರೆಯುತ್ತಿದ್ದ ವಿಡಿಯೊ ಈಗ ಅರ್ಧ ನಿಮಿಷ ಸುತ್ತುತ್ತದೆ: ಇವುಗಳಲ್ಲಿ ಮೊದಲ ಮೂರರಲ್ಲಿ ಯಾವುದೊಂದು ಕಂಡರೂ ಹೊಸ ಕಾರ್ಡ್ ತನ್ನಿ. ನಾಲ್ಕನೆಯದಕ್ಕೆ ಮೊದಲು ವೈ-ಫೈ ನೋಡಿ. ಕೆಲವು ಕ್ಯಾಮೆರಾಗಳು ಕಾರ್ಡಿನ ಆರೋಗ್ಯವನ್ನು ಶೇಕಡಾದಲ್ಲಿ ತೋರಿಸುತ್ತವೆ. ಅದು ಹತ್ತಕ್ಕೆ ಇಳಿಯುವವರೆಗೆ ಕಾಯಬೇಡಿ.

ಹಳೆಯ ಕಾರ್ಡನ್ನು ಹಾಗೇ ಕಸದ ಬುಟ್ಟಿಗೆ ಹಾಕಬಾರದು. ಬರೆಯಲಾಗದ ಕಾರ್ಡನ್ನು ಅಳಿಸಲೂ ಆಗುವುದಿಲ್ಲ, ಅಂದರೆ ಮನೆಯ ಒಳಗಿನ ದೃಶ್ಯ, ಯಾರು ಯಾವಾಗ ಹೊರಗೆ ಹೋಗುತ್ತಾರೆ ಎಂಬುದೆಲ್ಲ ಅದರಲ್ಲಿ ಓದಲು ಸಿಗುವಂತೆ ಉಳಿದಿರುತ್ತದೆ. ವಾರಂಟಿಗೆ ಕಳಿಸುವಾಗಲೂ ಇದು ನೆನಪಿರಲಿ. ಒಳಾಂಗಣ ಕ್ಯಾಮೆರಾದ ಕಾರ್ಡ್ ಆಗಿದ್ದರೆ ವಾರಂಟಿಯ ಆಸೆ ಬಿಡುವುದೇ ಮೇಲು. ಗಟ್ಟಿ ಕಟಿಂಗ್ ಪ್ಲೈಯರ್‌ನಿಂದ ಕಾರ್ಡನ್ನು ಉದ್ದಕ್ಕೂ ಅಡ್ಡಕ್ಕೂ ನಾಲ್ಕು ತುಂಡು ಮಾಡಿ, ಚೂರು ಸಿಡಿಯದಂತೆ ಬಟ್ಟೆಯೊಳಗೆ ಹಿಡಿದು ಕತ್ತರಿಸಿ, ಇ-ತ್ಯಾಜ್ಯದ ಜೊತೆ ಹಾಕಿ.